ಅಪ್ಪನ ಏಳು ಅಂಗಿ: ಕತ್ತರಿ ಹಾಕಲಾ, ಬೇಡವಾ?

ಹಳೇಗುಂಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು.

ಅಪ್ಪ ಹೋಗಿ ಎರಡು ವರ್ಷ ಆಯ್ತು. ಮೊನ್ನೆ ಅಮ್ಮ ಬಾಡಿಗೆ ಮನೆ ಖಾಲಿ ಮಾಡಿ ನನ್ನ ಜೊತೆ ಇರಲು ಬಂದರು. ಹದಿನೆಂಟು ವರ್ಷ ಇದ್ದ ಮನೆ. ಅಲ್ಲಿಂದ ನನ್ನ ಕೈಗೆ ಬಂದದ್ದು ಒಂದು ಟ್ರಂಕು. ಒಳಗೆ ಅಪ್ಪನ ಏಳು ಅಂಗಿ, ನಡುಮನೆ ಕಿಟಕಿಯ ಎರಡು ಪರದೆ, ಒಂದು ದಿಂಬಿನ ಚೀಲ.

ಇವುಗಳಿಂದ ಒಂದು ಕೋಟು ಹೊಲಿಯಬೇಕು ಅಂತ ಇದೆ. ಹೊರಗೆ ಅಂಗಿ, ಒಳಗೆ ಪರದೆಯ ಲೈನಿಂಗ್. ತೊಟ್ಟುಕೊಂಡರೆ ಆ ಮನೆಯೊಳಗೆ ಹೊಕ್ಕ ಹಾಗೆ ಇರಬೇಕು. ಸರಿಯಾಗಿ ಬಂದರೆ ಗೆಳೆಯರು ಸೇರಿ ಮಾಡುತ್ತಿರುವ ಸಣ್ಣ ಪ್ರದರ್ಶನದಲ್ಲಿ ಇಡುತ್ತೇನೆ. ಆದರೆ ನಾಲ್ಕು ಸಲ ಕತ್ತರಿ ಎತ್ತಿಕೊಂಡೆ, ನಾಲ್ಕು ಸಲವೂ ಕೆಳಗಿಟ್ಟೆ.

ಒಗೆಯಲಾ, ಬೇಡವಾ? ಕತ್ತರಿಸಲಾ, ಬೇಡವಾ? ಇನ್ನೊಂದು ಪ್ರಶ್ನೆ ಕೇಳಲು ಮುಜುಗರ. ಇದು ಕಲೆಯಾ, ಇಲ್ಲ ಅಳುವುದಕ್ಕೆ ನಾನು ಹುಡುಕಿಕೊಂಡ ನೆಪವಾ?

ಹಾಸುಹೊಕ್ಕು

ಕತ್ತರಿ ಕೆಳಗಿಟ್ಟದ್ದು ಒಳ್ಳೇದೇ ಆಯ್ತು. ಕತ್ತರಿಸಬೇಡಿ, ಬಿಚ್ಚಿ.

ಅಂಗಿಯನ್ನು ಯಾವ ಕ್ರಮದಲ್ಲಿ ಹೊಲಿದಿರುತ್ತಾರೋ ಅದರ ಉಲ್ಟಾ ಕ್ರಮದಲ್ಲಿ ಬಿಚ್ಚಬೇಕು. ಮೊದಲು ಗುಂಡಿ, ಆಮೇಲೆ ಕೆಳಗಿನ ಮಡಿಕೆ, ಕಫ್, ಪಕ್ಕದ ಹೊಲಿಗೆ, ತೋಳು, ಕಾಲರ್, ಕೊನೆಗೆ ಹೆಗಲು. ಒಂದು ಬದಿಯ ದಾರವನ್ನು ನಾಲ್ಕೈದು ಹೊಲಿಗೆಗೊಮ್ಮೆ ಕತ್ತರಿಸಿ. ಬಟ್ಟೆ ತಿರುಗಿಸಿ ಇನ್ನೊಂದು ಬದಿಯ ದಾರ ಎಳೆದರೆ ಉದ್ದಕ್ಕೆ ಸುಮ್ನೆ ಬಂದುಬಿಡುತ್ತದೆ. ಹಳೇ ಹತ್ತಿಯನ್ನು ಜಗ್ಗಬೇಡಿ, ಹೊಲಿಗೆ ತೂತಿನ ಗುಂಟ ಹರಿಯುತ್ತದೆ.

ಒಂದು ಅಂಗಿ ಬಿಚ್ಚಲು ಒಂದು ಸಂಜೆ ಹೋಗುತ್ತದೆ. ಹೋಗಲಿ ಬಿಡಿ. ಹೊಲಿಗೆಯೊಳಗೆ ಮಡಚಿಕೊಂಡಿದ್ದ ಬಟ್ಟೆಗೆ ಬಿಸಿಲು ತಾಗಿರುವುದಿಲ್ಲ. ಬಿಚ್ಚಿದಾಗ ಅಲ್ಲಿ ಕಿರುಬೆರಳಗಲದ ಒಂದು ಪಟ್ಟಿ ಕಾಣುತ್ತದೆ. ಅಂಗಿ ಹೊಸದಾಗಿದ್ದಾಗಿನ ಬಣ್ಣ ಅದು. ನಿಮ್ಮ ತಂದೆ ಮೊದಲ ದಿನ ತೊಟ್ಟದ್ದು ಆ ಬಣ್ಣವನ್ನು.

ಮೂಲೆಬೆಂಚು

ನಾನು ಸ್ವಲ್ಪ ಕಹಿ ಮಾತಾಡುತ್ತೇನೆ, ಹಳೇಗುಂಡಿ ಅವರು ಬೇಜಾರು ಮಾಡಿಕೊಳ್ಳಬಾರದು.

ಹಳೇ ಬಟ್ಟೆ ನೇತುಹಾಕಿ ಪಕ್ಕದಲ್ಲಿ ‘ನೆನಪು’ ಅಂತ ಚೀಟಿ ಅಂಟಿಸಿದ ಪ್ರದರ್ಶನ ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಅದು ಅಪ್ಪನ ಅಂಗಿ ಅಂತ ನಿಮಗೆ ಗೊತ್ತು. ನನಗೆ ಅದು ಬರೀ ಹಳೇ ಅಂಗಿ. ಚೀಟಿ ಓದಿ ನಾನು ಕಣ್ಣೊದ್ದೆ ಮಾಡಿಕೊಂಡರೆ ಅದು ಚೀಟಿಯ ಕೆಲಸ, ಹೊಲಿಗೆಯ ಕೆಲಸವಲ್ಲ.

ಮನೆ ಬಗ್ಗೆ ಬಟ್ಟೆಯಲ್ಲಿ ಮಾಡಿದವರಲ್ಲಿ ನನಗೆ ಇಷ್ಟ ಕಲಾವಿದ ದೊ ಹೋ ಸು. ಸಿಯೋಲ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ತಾವು ಬೆಳೆದ ಮನೆಯನ್ನು 1999ರಲ್ಲಿ ತೆಳು ರೇಷ್ಮೆಯಲ್ಲಿ, ನಿಜವಾದ ಅಳತೆಗೆ ಹೊಲಿದರು. ಮಡಚಿ ಪೆಟ್ಟಿಗೆಯಲ್ಲಿ ಒಯ್ಯಬಹುದಾದ ಮನೆ. ಅದನ್ನು ಯಾವ ಊರಿನಲ್ಲಿ ನೇತುಹಾಕಿದರೋ ಆ ಊರಿನ ಹೆಸರು ಕೃತಿಯ ಹೆಸರಿಗೆ ಸೇರುತ್ತಾ ಹೋಯಿತು. ಮುಂದೆ ನ್ಯೂಯಾರ್ಕಿನ ಬಾಡಿಗೆ ಮನೆಯನ್ನೂ ಹೀಗೇ ಮಾಡಿದರು. ಸ್ವಿಚ್ಚು, ಬಾಗಿಲ ಹಿಡಿ, ನಲ್ಲಿ, ಎಲ್ಲವೂ ಪಾರದರ್ಶಕ ಪಾಲಿಯೆಸ್ಟರಿನಲ್ಲಿ.

ಗಮನಿಸಿ, ಅದರಲ್ಲಿ ಹಳೇ ಚಿಂದಿ ಒಂದೂ ಇಲ್ಲ. ಇರುವುದು ಅಳತೆ. ಗೋಡೆ ಗೋಡೆಯನ್ನೂ ಟೇಪು ಹಿಡಿದು ಅಳೆದ ಮೈಯ ಶ್ರಮ ಇದೆ. ನೋಡುವವರಿಗೆ ಯಾರ ಮನೆ ಅಂತ ಗೊತ್ತಿರಬೇಕಾಗಿಲ್ಲ, ಒಳಗೆ ನಡೆದರೆ ಸಾಕು.

ಎಳೆಎರಡು

ಮೂಲೆಬೆಂಚು ಅವರೇ, ಅರ್ಧ ಒಪ್ಪುತ್ತೇನೆ. ಆದರೆ ನಿಮ್ಮ ವಾದ ಫ್ರಾನ್ಸಿನಲ್ಲಿ ಹುಟ್ಟಿದ ಶಿಲ್ಪಿ ಲೂಯಿಸ್ ಬೂರ್ಜ್ವಾ ಮುಂದೆ ನಿಲ್ಲುವುದಿಲ್ಲ.

ಆಕೆಯ ಮನೆಯಲ್ಲಿ ಹಳೇ ಚಿತ್ರಗಂಬಳಿ (ಚಿತ್ರ ನೇಯ್ದು ಗೋಡೆಗೆ ತೂಗುವ ಬಟ್ಟೆ) ರಿಪೇರಿ ಮಾಡುತ್ತಿದ್ದರು, ಹರಿದ ಬಟ್ಟೆಯ ನಡುವೆಯೇ ಬೆಳೆದವರು. 1938ರಲ್ಲಿ ಮದುವೆಯಾದಾಗ ಜೊತೆಗೆ ತಂದ ಕೈ ಒರೆಸುವ ಲಿನನ್ ಬಟ್ಟೆಗಳನ್ನು ಅರವತ್ತು ವರ್ಷಕ್ಕೂ ಜಾಸ್ತಿ ಇಟ್ಟುಕೊಂಡಿದ್ದರು. 2002ರಲ್ಲಿ, ತೊಂಬತ್ತು ದಾಟಿದ ಮೇಲೆ, ಅವುಗಳನ್ನೇ ಹಾಳೆ ಮಾಡಿ ಒಂದು ಬಟ್ಟೆಯ ಪುಸ್ತಕ ಹೊಲಿದರು. ಮೇಲೆ ಹಚ್ಚಿದ್ದು ತಮ್ಮದೇ ಹಳೇ ಉಡುಪಿನ ತುಂಡುಗಳನ್ನು. ಹೆಸರು ಏನು ಗೊತ್ತಾ? ‘ಮರೆವಿಗೆ ಒಂದು ಹಾಡು’ ಅನ್ನುವ ಅರ್ಥದ ಫ್ರೆಂಚ್ ಹೆಸರು. ನೆನಪಿಗೆ ಅಲ್ಲ, ಮರೆವಿಗೆ!

ಕತ್ತರಿಸುವುದಕ್ಕೆ ಅರವತ್ತು ವರ್ಷ ಕಾದವರೂ ಇದ್ದಾರೆ ಅಂತ ಹೇಳಿದೆ ಅಷ್ಟೇ. ಹಳೇಗುಂಡಿ ಅವರು ನಾಲ್ಕು ಸಲ ಕೆಳಗಿಟ್ಟದ್ದು ಯಾವ ಲೆಕ್ಕ.

ಮಾತುಕಡಿಮೆ

ನನ್ನ ಹತ್ತಿರ ತಮ್ಮನ ಟೀ ಶರ್ಟ್ ಇದೆ. ಜಿಪ್ ಚೀಲದಲ್ಲಿ. ಮೊದಲು ತಿಂಗಳಿಗೊಮ್ಮೆ ತೆಗೆದು ಮೂಸುತ್ತಿದ್ದೆ. ಈಗ ಪ್ಲಾಸ್ಟಿಕ್ ವಾಸನೆ ಮಾತ್ರ.

ಒದ್ದೆಹತ್ತಿ

ಒಗೆಯುವ ಪ್ರಶ್ನೆಗೆ ಬರೋಣ. ನನ್ನ ಕೆಲಸವೇ ನೂಲು, ಬಣ್ಣ, ನೀರು. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಮಾತುಕಡಿಮೆ ಅವರು ಹೇಳಿದ್ದು ನಿಜ. ವಾಸನೆ ಉಳಿಯುವುದಿಲ್ಲ, ಏನೇ ಮಾಡಿದರೂ ಒಂದು ದಿನ ಹಾರಿಹೋಗುತ್ತದೆ. ಉಳಿಯುವುದು ಮೈಯ ಜಿಡ್ಡು. ಕಾಲರಿನಲ್ಲಿ, ಕಂಕುಳಲ್ಲಿ ಕೂತ ಜಿಡ್ಡು ಇವತ್ತು ಕಣ್ಣಿಗೆ ಕಾಣದಿರಬಹುದು. ಗಾಳಿ ತಾಗಿ ತಾಗಿ ವರ್ಷಗಳ ಮೇಲೆ ಹಳದಿಯಾಗುತ್ತದೆ. ಆ ಜಾಗದ ಎಳೆ ಬಲ ಕಳೆದುಕೊಳ್ಳುತ್ತದೆ, ಹುಳಕ್ಕೂ ಆ ಜಾಗವೇ ಇಷ್ಟ. ಅಂದರೆ ಒಗೆಯದೆ ಇಟ್ಟರೆ ಅಪ್ಪನ ಬೆವರೇ ಅಪ್ಪನ ಅಂಗಿಯನ್ನು ತಿನ್ನುತ್ತದೆ.

ಹಾಗಂತ ಒಗೆದರೆ ಹೋಗುವುದು ಏನು? ಇದನ್ನು ಜಾಸ್ತಿ ಜನ ಯೋಚಿಸುವುದಿಲ್ಲ. ಒಂದು ಅಂಗಿಯನ್ನು ಮೇಜಿನ ಮೇಲೆ ಹಾಸಿ, ಮೊಣಕೈ ಹತ್ತಿರ ದೀಪವನ್ನು ಓರೆಯಾಗಿ ಹಿಡಿದು ನೋಡಿ. ಒಳಬದಿಯಲ್ಲಿ ಬೀಸಣಿಗೆ ಥರ ಸುಕ್ಕು, ಹೊರಬದಿಯಲ್ಲಿ ಸಣ್ಣ ಉಬ್ಬು. ಹತ್ತಿಯ ಎಳೆಯೊಳಗೆ ಸೆಲ್ಯುಲೋಸ್ ಸರಪಳಿಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ತೇವ ತಾಗಿದರೆ ಹಿಡಿತ ಸಡಿಲವಾಗುತ್ತದೆ. ಒಣಗುವಾಗ ಬಟ್ಟೆ ಯಾವ ಭಂಗಿಯಲ್ಲಿತ್ತೋ ಅದೇ ಭಂಗಿಯಲ್ಲಿ ಮತ್ತೆ ಹಿಡಿತ ಕೂರುತ್ತದೆ. ಇಸ್ತ್ರಿಯ ಗುಟ್ಟೂ ಇಷ್ಟೇ. ಹಾಗಾಗಿ ಆ ಸುಕ್ಕನ್ನು ಬರೆದದ್ದು ಕೈ ಮಡಚಿ ಕೂತ ಮನುಷ್ಯ ಮತ್ತು ಅವರ ಬೆವರು. ಬಕೆಟ್ಟಿಗೆ ಹಾಕಿ ಆಮೇಲೆ ಇಸ್ತ್ರಿ ಮಾಡಿದರೆ ಅದು ಅಳಿಸಿಹೋಗುತ್ತದೆ. ಉಬ್ಬು ಸ್ವಲ್ಪ ಉಳಿಯಬಹುದು, ಸುಕ್ಕು ಉಳಿಯುವುದಿಲ್ಲ.

ಅದಕ್ಕೇ ಮೊದಲು ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ. ತೆಳು ಕಾಗದ ಹಾಸಿ ಸುಕ್ಕಿನ ಗೆರೆಗಳನ್ನು ಪೆನ್ಸಿಲಿನಲ್ಲಿ ನಕಲು ಮಾಡಿ. ಆಮೇಲೆ ತಣ್ಣೀರು, ಸೌಮ್ಯ ಸೋಪು. ಹಿಂಡಬೇಡಿ. ಟವೆಲ್ಲಿನ ಮೇಲೆ ಹಾಸಿ ನೆರಳಲ್ಲಿ ಒಣಗಿಸಿ. ಹುಳದ ಅನುಮಾನ ಇದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಡೀಪ್ ಫ್ರೀಜರಿನಲ್ಲಿ 2 ವಾರ ಇಡಿ. ಪ್ರದರ್ಶನದಲ್ಲಿ ಬೆಳಕು ಕಡಿಮೆ ಇರಲಿ. ಮ್ಯೂಸಿಯಂಗಳು ಬಟ್ಟೆಗೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ದಾಟುವುದಿಲ್ಲ.

ಎಲ್ಲವನ್ನೂ ಒಗೆಯಲೇಬೇಕು ಅಂತೇನಿಲ್ಲ. ಏಳು ಇವೆಯಲ್ಲ.

ಹಾಸುಹೊಕ್ಕು

ಇದಕ್ಕೇ ಸೇರಿಸುತ್ತೇನೆ. 19ನೇ ಶತಮಾನದ ಇಂಗ್ಲಿಷ್ ಬಟ್ಟೆ ರಿಪೇರಿಯವರು ಕೋಟಿನ ಮೊಣಕೈ ಸುಕ್ಕುಗಳನ್ನು ‘ನೆನಪುಗಳು’ ಅಂತಲೇ ಕರೆಯುತ್ತಿದ್ದರಂತೆ. ಅಡಮಾನಕ್ಕೆ ಬಂದ ಕೋಟಿನಲ್ಲಿ ನೆನಪು ಜಾಸ್ತಿ ಇದ್ದರೆ ಬೆಲೆ ಕಮ್ಮಿ!

ರಂಗದಹಿಂದೆ

ತಡವಾಗಿ ಬಂದೆ. ಇಪ್ಪತ್ತು ವರ್ಷ ನಾಟಕ, ನೃತ್ಯಗಳ ಬಟ್ಟೆ ನೋಡಿಕೊಂಡವಳು ನಾನು. ನನ್ನದು ಬೇರೆ ಕಡೆಯಿಂದ ಮಾತು.

ನಮ್ಮಲ್ಲಿ ಬಟ್ಟೆ ಒಬ್ಬರದ್ದಾಗಿರುವುದಿಲ್ಲ. ಒಳಗಡೆ ಮಾರ್ಜಿನ್ ಜಾಸ್ತಿ ಬಿಟ್ಟು ಹೊಲಿಯುತ್ತೇವೆ. ಮುಂದಿನ ವರ್ಷ ಅದೇ ಪಾತ್ರಕ್ಕೆ ಎರಡು ಇಂಚು ದಪ್ಪದವರು ಬರಬಹುದು. ಕಾಲರಿನ ಹಿಂದೆ ನಟರ ಹೆಸರಿನ ಪಟ್ಟಿ ಇರುತ್ತದೆ. ಒಂದು ಹೆಸರು ಹೊಡೆದುಹಾಕಿ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಒಗೆಯಲಾಗದ ಭಾರಿ ಉಡುಪಿಗೆ ಆಟ ಮುಗಿದ ಮೇಲೆ ವೋಡ್ಕಾ, ನೀರು ಬೆರೆಸಿ ಸಿಂಪಡಿಸುತ್ತೇವೆ. ವಾಸನೆ ಹೋಗುತ್ತದೆ. (ಬಾಟಲಿ ಎಲ್ಲಿಟ್ಟಿದ್ದೇವೆ ಅಂತ ನಟರಿಗೆ ಹೇಳುವುದಿಲ್ಲ.)

ಹಳೇಗುಂಡಿ, ನಿಮಗೆ ನನ್ನದು ಒಂದೇ ಪ್ರಶ್ನೆ. ಈ ಕೋಟು ಯಾರ ಅಳತೆಗೆ? ಒಗೆಯುವುದು, ಬಿಚ್ಚುವುದು ಎಲ್ಲ ಆಮೇಲೆ. ಅಪ್ಪನ ಅಳತೆಗೆ ಹೊಲಿದರೆ ಅದು ಖಾಲಿ ನೇತಾಡುವ ಕೋಟು. ನಿಮ್ಮ ಅಳತೆಗೆ ಹೊಲಿದರೆ ಅವರ ಅಂಗಿಯನ್ನು ನಿಮ್ಮ ಮೈಗೆ ಕತ್ತರಿಸಿದ ಹಾಗೆ. ಎರಡೂ ತಪ್ಪಲ್ಲ. ಆದರೆ ಗೊತ್ತಿದ್ದು ಮಾಡಬೇಕು.

1997ರ ವಸಂತದ ಸಂಗ್ರಹಕ್ಕೆ ಜಪಾನಿನ ಫ್ಯಾಷನ್ ವಿನ್ಯಾಸಕಿ ರೇ ಕವಾಕುಬೊ ಉಡುಪಿನೊಳಗೆ ಎಲ್ಲೆಂದರಲ್ಲಿ ಮೆತ್ತೆ ತುರುಕಿದರು. ಬೆನ್ನಲ್ಲಿ ಗೂನು, ಸೊಂಟದಲ್ಲಿ ಗುಡ್ಡ. ನೋಡಿದವರು ನಕ್ಕರು, ಬೈದರು. ಅದೇ ವರ್ಷ ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ತಂಡದವರು ಅವರ ಅಂಥದ್ದೇ ಉಡುಪು ತೊಟ್ಟು ಕುಣಿದರು. ಕೆಲಸದಲ್ಲಿ ನಾನೂ ಇಂಥದ್ದನ್ನು ಕಂಡಿದ್ದೇನೆ. ಮೆತ್ತೆ ಕಟ್ಟಿದ ನರ್ತಕಿ ಮೊದಲ ದಿನ ಬಾಗಿಲಿಗೆ ಢಿಕ್ಕಿ ಹೊಡೆಯುತ್ತಾಳೆ. ವಾರ ಕಳೆದರೆ ಆ ಗೂನಿಗೂ ಜಾಗ ಬಿಟ್ಟು ತಿರುಗುತ್ತಾಳೆ. ತನ್ನ ಮೈ ಎಲ್ಲಿ ಮುಗಿಯುತ್ತದೆ ಅನ್ನುವ ಲೆಕ್ಕವೇ ಬದಲಾಗಿರುತ್ತದೆ.

ಮನೆಯನ್ನು ಮೈಮೇಲೆ ಹಾಕಿಕೊಳ್ಳುವ ನಿಮ್ಮ ಯೋಚನೆಗೆ ಹತ್ತಿರದ್ದು ವಿನ್ಯಾಸಕ ಹುಸೇನ್ ಚಲಾಯಾನ್ 2000ದಲ್ಲಿ ಲಂಡನ್ನಿನಲ್ಲಿ ಮಾಡಿದ ಫ್ಯಾಷನ್ ಪ್ರದರ್ಶನ. ಅವರು ಸೈಪ್ರಸ್‌ನವರು. 1974ರಲ್ಲಿ ಅಲ್ಲಿ ಜನ ಮನೆ ಬಿಟ್ಟು ಓಡಬೇಕಾಯಿತು. ವೇದಿಕೆ ಮೇಲೆ ಒಂದು ಕೋಣೆ, ನಾಲ್ಕು ಕುರ್ಚಿ, ಒಂದು ಟೀಪಾಯಿ. ಹುಡುಗಿಯರು ಕುರ್ಚಿಯ ಗವಸು ಬಿಚ್ಚಿ ಉಡುಪಾಗಿ ತೊಟ್ಟರು. ಕುರ್ಚಿಗಳು ಮಡಚಿ ಸೂಟ್‌ಕೇಸಾದವು. ಕೊನೆಯವಳು ದುಂಡು ಟೀಪಾಯಿಯ ನಡುವಿನ ತೂತಿನಲ್ಲಿ ಕಾಲಿಟ್ಟು ಮೇಲಕ್ಕೆಳೆದಳು, ಅದು ಮರದ ಬಳೆಗಳ ಲಂಗವಾಯಿತು. ಎಲ್ಲರೂ ಹೊರಟ ಮೇಲೆ ಕೋಣೆ ಖಾಲಿ.

ಅಲ್ಲಿ ಅಳು ಇಲ್ಲ. ಸೊಂಟಕ್ಕೆ ಮರದ ಭಾರ ಬೀಳುತ್ತದೆ, ಹೆಜ್ಜೆ ನಿಧಾನವಾಗುತ್ತದೆ, ಅಷ್ಟೇ. ನಿಮ್ಮ ಕೋಟು ಎಷ್ಟು ತೂಗುತ್ತದೆ? ಅದನ್ನು ತೊಟ್ಟು ಕೂರಲು ಆಗುತ್ತದಾ? ಕೈ ಎತ್ತಿದರೆ ಎಲ್ಲಿ ಹಿಡಿಯುತ್ತದೆ? ಮೊದಲು ಅಗ್ಗದ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ.

ಅಂಚಿನವಳು

ಚರ್ಚೆ ಚೆನ್ನಾಗಿದೆ. ಆದರೆ ಒಬ್ಬರೂ ಕೇಳಲಿಲ್ಲ. ಅಮ್ಮ ಇದ್ದಾರಲ್ಲ, ಅವರು ಏನಂತಾರೆ? ಏಳು ಅಂಗಿಯನ್ನೂ ಹದಿನೆಂಟು ವರ್ಷದ ಮನೆಯಲ್ಲಿ ಒಗೆದು ಮಡಚಿಟ್ಟವರು ಅವರೇ ಇರಬೇಕು, ಅಲ್ವಾ?

ಅಮೆರಿಕದಲ್ಲಿ ಏಡ್ಸ್‌ನಿಂದ ಸತ್ತವರ ನೆನಪಿಗೆ ಮಾಡಿದ ದೊಡ್ಡ ಹೊದಿಕೆ ಇದೆಯಲ್ಲ, 1987ರಲ್ಲಿ ಮೊದಲು ಹಾಸಿದ್ದು. ಒಂದೊಂದು ತುಂಡೂ 3 ಅಡಿಗೆ 6 ಅಡಿ, ಒಂದು ಗೋರಿಯ ಅಳತೆ. ಸತ್ತವರ ಜೀನ್ಸು, ಅಂಗಿ, ಗೊಂಬೆ ಎಲ್ಲ ಅದರಲ್ಲಿವೆ. ಮೂಲೆಬೆಂಚು ಅವರಿಗೆ ಉತ್ತರ ಅದರಲ್ಲೂ ಇದೆ ಅಂತ ನನ್ನ ಅನಿಸಿಕೆ. ಒಬ್ಬರ ಅಂಗಿ ನಿಮಗೆ ಏನೂ ಹೇಳದಿರಬಹುದು. ಆದರೆ ಅಲ್ಲಿ ನಡೆಯುತ್ತಾ ಹೋದರೆ ಆರು ಅಡಿಗೊಬ್ಬರು ಮಲಗಿರುತ್ತಾರೆ. ಅಳತೆ ಬೇಕು ಅಂದಿರಲ್ಲ, ಇದೂ ಅಳತೆಯೇ.

ಮೂಲೆಬೆಂಚು

ಗೋರಿಯ ಅಳತೆ ಅಂತ ಗೊತ್ತಿರಲಿಲ್ಲ. ಆ ಮಾತು ಒಪ್ಪಿದೆ.

ಹಳೇಗುಂಡಿ

ಐದು ದಿನ ಈ ಕಡೆ ಬರಲಾಗಲಿಲ್ಲ, ಕ್ಷಮಿಸಿ. ಎಲ್ಲ ಓದಿದೆ. ಕೆಲವನ್ನು ಎರಡು ಸಲ.

ಹಾಸುಹೊಕ್ಕು ಅವರು ಹೇಳಿದ ಹಾಗೆ ತಿಳಿನೀಲಿ ಅಂಗಿಯನ್ನು ಬಿಚ್ಚಲು ಕೂತೆ. ಗುಂಡಿ, ಕೆಳಮಡಿಕೆ, ಕಫ್ ಆಯ್ತು. ಕಾಲರಿಗೆ ಬಂದಾಗ ಏನೋ ಬೇರೆ ಅನ್ನಿಸಿತು. ಉಳಿದ ಕಡೆಯೆಲ್ಲ ಮಿಷನ್ ಹೊಲಿಗೆ, ಒಂದೇ ಸಮ. ಕಾಲರಿನ ಬುಡದಲ್ಲಿ ಮಾತ್ರ ಕೈಹೊಲಿಗೆ. ಬಹಳ ಸಣ್ಣದು, ಸ್ವಲ್ಪ ಓರೆ. ದಾರ ಬಿಳಿ ಅಲ್ಲ, ಬೂದು. ಬಿಚ್ಚಿ ನೋಡಿದರೆ ಕಾಲರಿನ ಅಡಿಬದಿ ಪೂರ್ತಿ ಸವೆದಿದೆ. ಮಡಿಕೆಯ ಗೆರೆಯಲ್ಲಿ ಎಳೆ ಹರಿದು ಒಳಗಿನ ಬಕ್ರಂ (ಕಾಲರ್ ಗಟ್ಟಿಯಾಗಿಸುವ ಬಟ್ಟೆ) ಕಾಣುತ್ತದೆ. ಮೇಲ್ಬದಿ ಚೆನ್ನಾಗಿದೆ. ಇದು ಹೇಗೆ ಸಾಧ್ಯ ಅಂತ ಒಂದು ನಿಮಿಷ ತಲೆಗೆ ಹೋಗಲಿಲ್ಲ. ಕುತ್ತಿಗೆಗೆ ಉಜ್ಜುವ ಬದಿಯೇ ಸವೆಯಬೇಕು ಅಲ್ವಾ?

ಯಾರೋ ಕಾಲರ್ ಬಿಚ್ಚಿ, ತಿರುವಿ ಹಾಕಿದ್ದಾರೆ. ಸವೆದ ಬದಿ ಕೆಳಗೆ ಹೋಗಿದೆ.

ಅಮ್ಮನನ್ನು ಕೇಳಿದೆ. ಕನ್ನಡಕ ಹಾಕಿಕೊಂಡು ನೋಡಿ, ‘ನನ್ನದೇ ಹೊಲಿಗೆ’ ಅಂದರು. ಆ ವರ್ಷ ಕೈಯಲ್ಲಿ ದುಡ್ಡಿರಲಿಲ್ಲವಂತೆ. ಅಪ್ಪನಿಗೆ ಹೇಳಲೇ ಇಲ್ಲವಂತೆ. ‘ಹೊಸ ಅಂಗಿ ಥರ ಇದೆಯಲ್ಲೇ ಇದು ಅಂತ ಹಾಕಿಕೊಂಡು ಹೋದರು’ ಅಂದು ನಕ್ಕರು. ಉಳಿದ ಆರನ್ನೂ ತೆಗೆದು ಕಾಲರ್ ನೋಡಿದೆವು. ಇನ್ನೆರಡರಲ್ಲಿ ಅದೇ ಹೊಲಿಗೆ.

ಅಪ್ಪನ ಅಂಗಿ ಅಂದುಕೊಂಡು ಟ್ರಂಕು ತೆರೆದಿದ್ದೆ. ಅದರಲ್ಲಿ ಅಮ್ಮನೂ ಇದ್ದಾರೆ ಅಂತ ಹೊಳೆದೇ ಇರಲಿಲ್ಲ. ಅಂಚಿನವಳು ಅವರೇ, ನೀವು ಕೇಳಿದ್ದು ಸರಿ.

ಮೂಲೆಬೆಂಚು

ಈಗ ನನಗೂ ಕಾಣಿಸಿತು. ಚೀಟಿ ಬೇಡ, ಆ ಕಾಲರಿನ ಅಡಿಬದಿಯನ್ನು ತೋರಿಸಿ. ಉಳಿದದ್ದು ನೋಡುವವರ ಪಾಲು.

ಮತ್ತೆ, ನೀವು ಮೊದಲು ಕೇಳಿದಿರಲ್ಲ, ಇದು ಕಲೆಯಾ ಅಂತ. ಕನ್ನಡದಲ್ಲಿ ಆ ಪ್ರಶ್ನೆಗೆ ಒಳ್ಳೇ ಅನುಕೂಲ ಇದೆ. ಸೋಪು ಹಾಕಿ ಉಜ್ಜುವುದೂ ಕಲೆ, ಗೋಡೆ ಮೇಲೆ ತೂಗುಹಾಕುವುದೂ ಕಲೆ.

ಎಳೆಎರಡು

ಒಳಬದಿಯ ಮಾತು ಬಂತಲ್ಲ, ಆಗ್ನೆಸ್ ರಿಕ್ಟರ್ ಜಾಕೆಟ್ ನೆನಪಾಯ್ತು. ಜರ್ಮನಿಯಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿದ್ದವಳು. ಮಾನಸಿಕ ಆಸ್ಪತ್ರೆಗೆ ಹಾಕಿದರು, ಹೊರಗೆ ಬರಲೇ ಇಲ್ಲ. 1895ರ ಆಸುಪಾಸಿನಲ್ಲಿ ಅಲ್ಲಿನ ಬೂದು ಲಿನನ್ ಬಟ್ಟೆಯಿಂದ ತನ್ನ ಮೈಗೆ ಒಂದು ಜಾಕೆಟ್ ಹೊಲಿದುಕೊಂಡು, ಬಣ್ಣದ ದಾರದಲ್ಲಿ ತುಂಬ ಅಕ್ಷರ ಹೊಲಿದಳು. ಒಳಬದಿಯಲ್ಲೂ ಇದೆ, ಚರ್ಮಕ್ಕೆ ತಾಗುವ ಬದಿಯಲ್ಲಿ. ತೊಟ್ಟು ತೊಟ್ಟು ಎಷ್ಟೋ ಸಾಲು ಓದಲಾಗದಷ್ಟು ಸವೆದಿದೆ. ಓದಲು ಬರುವುದರಲ್ಲಿ ‘ನಾನು’, ‘ನನ್ನ ಜಾಕೆಟ್’ ಅನ್ನುವ ಮಾತುಗಳಿವೆ, ಆಸ್ಪತ್ರೆಯವರು ಬಟ್ಟೆಗೆ ಕೊಟ್ಟ 583 ಅನ್ನುವ ನಂಬರೂ ಇದೆ. ಅದು ಈಗ ಹೈಡೆಲ್‌ಬರ್ಗಿನ ಪ್ರಿನ್ಜ್‌ಹಾರ್ನ್ ಸಂಗ್ರಹದಲ್ಲಿದೆ. ಕಂಕುಳಲ್ಲಿ ಬೆವರಿನ ಗುರುತು ಹಾಗೇ ಇದೆ. ಯಾರೂ ಒಗೆದು ತೆಗೆದಿಲ್ಲ, ಸದ್ಯ.

ರಂಗದಹಿಂದೆ

ಹಳೇಗುಂಡಿ, ಕಾಲರ್ ವಿಷಯ ಓದಿ ಮಾತೇ ಹೊರಡಲಿಲ್ಲ. ಆದರೂ ಕೇಳುತ್ತೇನೆ. ಯಾರ ಅಳತೆ ಅಂತ ತೀರ್ಮಾನ ಆಯ್ತಾ? ಮತ್ತೆ, ಸವೆದ ಜಾಗಕ್ಕೆ ಇಸ್ತ್ರಿ ಹಾಕಿ ಅಂಟಿಸುವ ಕ್ಯಾನ್ವಾಸ್ ಬಳಸಬೇಡಿ. ಒಮ್ಮೆ ಅಂಟಿದರೆ ತೆಗೆಯಲಾಗುವುದಿಲ್ಲ. ಹಿಂದೆ ತೆಳು ಮಲ್ ಬಟ್ಟೆ ಇಟ್ಟು ಸಣ್ಣ ಸೂಜಿಯಲ್ಲಿ ಹಿಡಿಸಿ.

ಹಳೇಗುಂಡಿ

ಎರಡು ವಾರದ ವರದಿ.

ಒಂದು ಅಂಗಿಯನ್ನು ಅಮ್ಮ ವಾಪಸ್ ತಗೊಂಡರು. ಮನೆಯಲ್ಲಿ ಅವರೇ ಹಾಕಿಕೊಂಡು ಓಡಾಡುತ್ತಾರೆ, ತೋಳು ಮಡಚಿ. ಒಂದನ್ನು ಒಗೆಯದೆ ಇಟ್ಟಿದ್ದೇನೆ. ಉಳಿದ ಐದಕ್ಕೆ ಮೊದಲು ಸುಕ್ಕಿನ ನಕಲು ತೆಗೆದೆ, ಆಮೇಲೆ ತಣ್ಣೀರು. ಇಸ್ತ್ರಿ ಹಾಕಿಲ್ಲ. ಆ ನಕಲಿನ ಗೆರೆಗಳನ್ನು ಈಗ ಅದೇ ತೋಳಿನ ಮೇಲೆ, ಅದೇ ಜಾಗದಲ್ಲಿ ಬೂದು ದಾರದಲ್ಲಿ ಹೊಲಿಯುತ್ತಿದ್ದೇನೆ. ದಾರ ಅಮ್ಮನ ಡಬ್ಬಿಯದ್ದು. ಕಾಲರ್‌ಗೆ ಬಳಸಿದ ಅದೇ ಉಂಡೆ ಇರಬಹುದು ಅಂತಾರೆ, ಅವರಿಗೂ ಖಾತ್ರಿ ಇಲ್ಲ.

ಅಳತೆ ವಿಷಯ. ಕಚ್ಚಾ ಹೊಲಿಗೆ ಹಾಕಿ ನಿನ್ನೆ ತೊಟ್ಟು ನೋಡಿದೆ. ಅಮ್ಮ ಪಿನ್ನು ಬಾಯಲ್ಲಿಟ್ಟುಕೊಂಡು ಸುತ್ತ ಬಂದರು. ಹೆಗಲು ಇಳಿದಿದೆ, ಅದನ್ನು ಒಳಗೆ ತಗೋ ಅಂದರು. ಹೆಗಲು ತಗೊಂಡೆ. ತೋಳನ್ನು ಮಾತ್ರ ಮುಟ್ಟಲಿಲ್ಲ. ನಾನು ಕೈ ಮಡಚಿದರೆ ಅಪ್ಪನ ಮೊಣಕೈ ನನ್ನ ಮೊಣಕೈಗೆ ಬರುವುದಿಲ್ಲ. ಮೂರು ಬೆರಳು ಕೆಳಗಿದೆ. ಅಲ್ಲಿ ಬಟ್ಟೆ ಉಬ್ಬಿಕೊಂಡು ಖಾಲಿ ನಿಲ್ಲುತ್ತದೆ. ರಂಗದಹಿಂದೆ ಅವರೇ, ಅದು ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.

ಕಾಲರ್ ಎದ್ದು ನಿಲ್ಲುವ ಹಾಗೆ ಹಾಕುತ್ತೇನೆ. ಅಡಿಬದಿ ಕಾಣಬೇಕಲ್ಲ.

ಒದ್ದೆಹತ್ತಿ ಅವರಿಗೆ ಒಂದು ಪ್ರಶ್ನೆ. ಬಿಳಿ ಅಂಗಿಯ ಜೇಬಿನ ಕೆಳಗೆ ಇಂಕು ಸೋರಿದ ಗುರುತಿದೆ. ಹೆಬ್ಬೆಟ್ಟಿನಷ್ಟು. ಅದನ್ನು ತೆಗೆಯುವುದಿಲ್ಲ. ಆದರೆ ಒಳಗಿನ ಪರದೆ ತಿಳಿ ಬಣ್ಣದ್ದು. ಅದಕ್ಕೆ ಹತ್ತಿಕೊಂಡರೆ?

ಒದ್ದೆಹತ್ತಿ

ಬಿಳಿ ಹತ್ತಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಹಿಂಡಿ, ಗುರುತಿನ ಮೇಲೆ ಐದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಬಿಡದಿದ್ದರೆ ಚಿಂತೆ ಇಲ್ಲ. ಬಿಟ್ಟರೆ ಅಂಗಿಗೂ ಪರದೆಗೂ ನಡುವೆ, ಆ ಜಾಗಕ್ಕೆ ಮಾತ್ರ, ಅಂಗೈಯಗಲದ ಒಂದು ದಪ್ಪ ಹತ್ತಿ ತುಂಡು ಇಡಿ. ನಾಲ್ಕು ಕಡೆ ಸಡಿಲವಾಗಿ ಹೊಲಿಯಿರಿ. ಇಂಕು ಹತ್ತಿಕೊಂಡರೆ ಅದನ್ನು ಬಿಚ್ಚಿ ಬೇರೆ ಹಾಕಬಹುದು.